ನಾಲ್ಕು ವ್ಯಾಟಿನ ದನಿ

ಸ್ಕ್ರೂಗಳು ಒಂದೊಂದಾಗಿ ಸಡಿಲವಾಗಿ ಮುಚ್ಚಳ ಮೇಲೇಳುತ್ತಿದ್ದಂತೆ ಮೊದಲು ಹೊರಬರುವುದು ವಾಸನೆ. ಹಳೆಯ ಸಿಗರೇಟಿನ ಹೊಗೆ, ಡೀಸೆಲ್, ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾದ ಧೂಳು, ಇವೆಲ್ಲದರ ಅಡಿಯಿಂದ ಒಂದಿಷ್ಟು ಸುಟ್ಟ ಕಮಟು. ಅಮೆರಿಕದ ಅಯೋವಾ ರಾಜ್ಯದಲ್ಲಿ, ಇಂಟರ್‌ಸ್ಟೇಟ್ 80 ಹೆದ್ದಾರಿಯಿಂದ ತುಸು ಒಳಗಿರುವ ಮನೆಯೊಂದರ ಗ್ಯಾರೇಜೇ ಇಲ್ಲಿ ರಿಪೇರಿ ಅಂಗಡಿ. ಬಾಗಿಲಾಚೆ ಜೋಳದ ಹೊಲ, ಅದರಾಚೆ ಬಿಟ್ಟೂ ಬಿಡದೆ ಓಡುವ ಲಾರಿಗಳ ಗುಂಯ್ ಸದ್ದು. ಒಳಗೆ ಉದ್ದನೆಯ ಮೇಜು, ಬಗ್ಗಿಸಬಹುದಾದ ದೀಪ, ಗೋಡೆಗೆ ಸಾಲಾಗಿ ಜೋಡಿಸಿದ ಸಣ್ಣ ಸಣ್ಣ ಡ್ರಾಯರುಗಳು. ದೀಪದ ಕೆಳಗೆ ಮಗುಚಿ ಮಲಗಿರುವುದು ಒಂದು ಕೋಬ್ರಾ 148 ಜಿಟಿಎಲ್, ಎಂಬತ್ತರ ದಶಕದಲ್ಲಿ ಲಾರಿ ಡ್ರೈವರುಗಳ ಅಚ್ಚುಮೆಚ್ಚಾಗಿದ್ದ ಸಿ.ಬಿ. (ಸಿಟಿಜನ್ಸ್ ಬ್ಯಾಂಡ್) ರೇಡಿಯೊ.

ರಿಪೇರಿ ಮಾಡುವ ಹಿರಿಯರಿಗೆ ಯಾವ ಅವಸರವೂ ಇಲ್ಲ. ಕೆಳಗಿನ ಮುಚ್ಚಳಕ್ಕೇ ಸ್ಪೀಕರ್ ಕೂರಿಸಿರುತ್ತಾರೆ, ಜೋರಾಗಿ ಎಳೆದರೆ ಅದರ ಎರಡು ತೆಳು ವೈರುಗಳು ಕಿತ್ತುಬರುತ್ತವೆ. ಅದನ್ನು ಮೆಲ್ಲಗೆ ಪಕ್ಕಕ್ಕೆ ಒರಗಿಸಿ, ಬಣ್ಣ ಬಳಿಯುವ ಮೃದುವಾದ ಬ್ರಷ್ಷಿನಿಂದ ಧೂಳು ಜಾಡಿಸುತ್ತಾರೆ. ಧೂಳು ಸರಿದ ಹಾಗೆ ಒಂದು ಪುಟ್ಟ ಊರೇ ಕಾಣಿಸಿಕೊಳ್ಳುತ್ತದೆ: ಬಣ್ಣದ ಪಟ್ಟೆ ಹೊತ್ತ ರೆಸಿಸ್ಟರುಗಳು, ತಗಡಿನ ಡಬ್ಬಿಯೊಳಗೆ ಅಡಗಿದ ಕಾಯಿಲುಗಳು, ನೆಟ್ಟಗೆ ನಿಂತ ಕೆಪಾಸಿಟರುಗಳು, ಬೆಳ್ಳಗೆ ಮಿನುಗುವ ಹರಳಿನ ಕವಚಗಳು. ಪ್ರತಿಯೊಂದನ್ನೂ ಕಣ್ಣಿಂದ ಕಾಣಬಹುದು, ಬೆರಳಿಂದ ಮುಟ್ಟಬಹುದು, ಕೆಟ್ಟರೆ ಕಿತ್ತು ಬೇರೆ ಹಾಕಬಹುದು. ಇಷ್ಟು ವರ್ಷದ ಮೇಲೂ ಈ ಪೆಟ್ಟಿಗೆಗಳು ಮತ್ತೆ ಮಾತಾಡಲು ಇದೇ ಕಾರಣ.

ಸುಟ್ಟ ವಾಸನೆಯ ಮೂಲ ಸಿಗಲು ಬಹಳ ಹೊತ್ತು ಬೇಡ. ಕರೆಂಟು ಒಳಬರುವ ಜಾಗದಲ್ಲಿ ಒಂದು ಡಯೋಡು ಕರಕಲಾಗಿದೆ, ಅದರ ಸುತ್ತ ಬೋರ್ಡು ಕಂದಿದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ತಾನು ಅಡ್ಡನಿಂತು ಫ್ಯೂಸ್ ಹಾರಿಸಿ ಒಳಗಿನದನ್ನೆಲ್ಲ ಕಾಯುವುದು ಆ ಡಯೋಡಿನ ಕೆಲಸ. ಇಲ್ಲಿ ಬ್ಯಾಟರಿಯ ವೈರು ತಿರುವುಮುರುವಾಗಿ, ಫ್ಯೂಸ್ ಹಾರಿದ ಮೇಲೆ ಯಾರೋ ಅದಕ್ಕೆ ಬೆಳ್ಳಿ ಹಾಳೆ ಸುತ್ತಿ ಮತ್ತೆ ಹಾಕಿದ್ದಾರೆ. ಫ್ಯೂಸ್ ಹಾರಲು ಬಿಡದಿದ್ದುದಕ್ಕೆ ಡಯೋಡು ಬೆಂದಿದೆ. ಆದರೂ ತನ್ನ ಹಿಂದಿದ್ದುದನ್ನೆಲ್ಲ ಉಳಿಸಿದೆ.

ಸೋಲ್ಡರಿಂಗ್ ಐರನ್ ಕಾಯುತ್ತದೆ. ತವರ ಸೀಸ ಬೆರೆತ ಹಳೆಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿ ಕನ್ನಡಿಯಂತೆ ಹೊಳೆಯುತ್ತದೆ, ರಾಳದ ಹೊಗೆ ಎಳೆಎಳೆಯಾಗಿ ದೀಪದತ್ತ ಏಳುತ್ತದೆ. ಸುಟ್ಟ ಡಯೋಡು ಹೊರಗೆ, ಹೊಸದು ಒಳಗೆ. ಆಮೇಲೆ ಕೆಪಾಸಿಟರುಗಳ ಸರದಿ. ಅವುಗಳೊಳಗಿನ ದ್ರವ ವರ್ಷಗಳ ಬಿಸಿಗೆ ಆರಿಹೋಗಿರುತ್ತದೆ, ತಲೆ ಉಬ್ಬಿರುತ್ತದೆ, ಇಲ್ಲವೇ ಬುಡದಲ್ಲಿ ಜಿಡ್ಡು ಒಸರಿರುತ್ತದೆ. ರೇಡಿಯೊ ಗೊರಗೊರ ಅನ್ನುವುದು, ದನಿ ಕುಗ್ಗುವುದು ಹೆಚ್ಚಾಗಿ ಇವುಗಳಿಂದಲೇ. ಒಂದೊಂದನ್ನೇ ಕಿತ್ತು, ಮೈಮೇಲಿನ ಮೈನಸ್ ಪಟ್ಟೆ ಯಾವ ಕಡೆಗಿತ್ತೆಂದು ಎರಡು ಸಲ ನೋಡಿ, ಹೊಸದನ್ನು ಅದೇ ದಿಕ್ಕಿಗೆ ಕೂರಿಸುತ್ತಾರೆ. ದಪ್ಪ ಗಾಜಿನಡಿ ಬೋರ್ಡಿನ ಬೆನ್ನು ತಿರುಗಿಸಿದರೆ ಕೆಲವು ಬೆಸುಗೆಗಳ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕಿನ ಉಂಗುರ. ಲಕ್ಷಾಂತರ ಮೈಲಿಯ ಕುಲುಕಾಟ ಬರೆದ ಗುರುತು ಅದು. ಅವನ್ನೂ ಮತ್ತೆ ಕರಗಿಸಿ ಕೂಡಿಸುತ್ತಾರೆ. ಕಿರುಗುಡುವ ವಾಲ್ಯೂಮ್ ಗುಬ್ಬಿಗೆ ಒಂದು ಚಿಮುಕು ಕ್ಲೀನರ್, ಆ ಕಡೆ ಈ ಕಡೆ ತಿರುಗಿಸಾಟ. ಸುರುಳಿ ವೈರು ಮೈಕಿಗೆ ಸೇರುವ ಕಡೆ ಒಳಗೇ ತುಂಡಾಗಿದೆ, ಅದನ್ನು ಕತ್ತರಿಸಿ ಹೊಸದಾಗಿ ಬೆಸೆಯುತ್ತಾರೆ.

ಈ ಪೆಟ್ಟಿಗೆಗಳಿಗೊಂದು ಕಾಲವಿತ್ತು. ಜನಸಾಮಾನ್ಯರೂ ಮಾತಾಡಲೆಂದು ಅಮೆರಿಕದ ಸರಕಾರ 27 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿಯನ್ನು 1958ರಲ್ಲಿ ಬಿಟ್ಟುಕೊಟ್ಟಿತು. ನಿಜವಾದ ಭರಾಟೆ ಬಂದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಗಂಟೆಗೆ 55 ಮೈಲಿಯ ವೇಗದ ಕಟ್ಟು ಬಂತು, ಡೀಸೆಲ್ ಸಿಗುವುದು ಕಷ್ಟವಾಯಿತು. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಪೊಲೀಸರು ಎಲ್ಲಿ ಮರೆಯಾಗಿ ನಿಂತಿದ್ದಾರೆ ಎಂಬುದನ್ನು ಲಾರಿಯವರು ಒಬ್ಬರಿಗೊಬ್ಬರು ಹೇಳತೊಡಗಿದರು. ಯಾರೂ ಸ್ವಂತ ಹೆಸರು ಹೇಳುತ್ತಿರಲಿಲ್ಲ, ಎಲ್ಲರಿಗೂ ಒಂದೊಂದು ಅಡ್ಡಹೆಸರು. ಆಗಿನ ಅಧ್ಯಕ್ಷರ ಮಡದಿ ಬೆಟ್ಟಿ ಫೋರ್ಡ್ ಕೂಡ ‘ಫಸ್ಟ್ ಮಮಾ’ ಎಂಬ ಹೆಸರಿನಲ್ಲಿ ಮಾತಾಡಿದರು. ಜನ ಮುಗಿಬಿದ್ದು 23 ಚಾನೆಲ್ ಸಾಲದೆ 1977ರಲ್ಲಿ 40 ಆದವು. 9ನೆಯದು ಆಪತ್ತಿಗೆ, 19ನೆಯದು ಹೆದ್ದಾರಿಯ ಮಾತಿಗೆ. 1983ರಲ್ಲಿ ಲೈಸೆನ್ಸಿನ ಅಗತ್ಯವೂ ಹೋಯಿತು. ಆಮೇಲೆ ಮೊಬೈಲ್ ಬಂತು, ಜಂಗುಳಿ ಕರಗಿತು.

ಈಗ ಪವರ್ ಕೊಡುವ ಹೊತ್ತು. ಪವರ್ ಸಪ್ಲೈಯನ್ನು 13.8 ವೋಲ್ಟಿಗೆ ಇಟ್ಟು ಸ್ವಿಚ್ ತಿರುಗಿಸುತ್ತಾರೆ. ಮೀಟರಿನ ಕಿಟಕಿಯಲ್ಲಿ ಬೆಳಕು ಮೂಡುತ್ತದೆ, ಚಾನೆಲ್ಲಿನ ಅಂಕಿ ಕೆಂಪಗೆ ಹೊತ್ತಿಕೊಳ್ಳುತ್ತದೆ, ಸ್ಪೀಕರಿನಿಂದ ಜಡಿಮಳೆಯ ಮೊರೆತ. ಆಂಟೆನಾದ ಜಾಗದಲ್ಲಿ ಸಿಕ್ಕಿಸಿರುವುದು 50 ಓಮಿನ ಡಮ್ಮಿ ಲೋಡ್. ಪ್ರಸಾರವಾಗುವ ಶಕ್ತಿಯನ್ನೆಲ್ಲ ಅದು ಬಿಸಿಯಾಗಿ ನುಂಗಿಕೊಳ್ಳುವುದರಿಂದ ಪರೀಕ್ಷೆಯ ಗದ್ದಲ ಹೊರಗಿನ ಯಾರಿಗೂ ಕೇಳಿಸದು. ಕಾಯಿಲುಗಳ ತಿರುಪನ್ನು ಕಬ್ಬಿಣದ ಸ್ಕ್ರೂಡ್ರೈವರ್ ಮುಟ್ಟುವಂತಿಲ್ಲ, ಫೆರೈಟ್ ಪಟಕ್ಕನೆ ಬಿರಿಯುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ. ಆಸಿಲೋಸ್ಕೋಪಿನ ಹಸಿರು ಪರದೆಯಲ್ಲಿ ಅಲೆ ತುಂಬಿಕೊಳ್ಳುತ್ತದೆ, ವ್ಯಾಟ್‌ಮೀಟರಿನ ಮುಳ್ಳು ಮೇಲೇರಿ ನಾಲ್ಕರ ಮೇಲೆ ನಿಲ್ಲುತ್ತದೆ. ಎ.ಎಂ. ಪ್ರಸಾರಕ್ಕೆ ಕಾನೂನು ಒಪ್ಪುವ ಶಕ್ತಿ ಅಷ್ಟೇ, ನಾಲ್ಕು ವ್ಯಾಟ್. ರಾತ್ರಿ ಹಚ್ಚುವ ಪುಟ್ಟ ದೀಪವೊಂದಕ್ಕೆ ಬೇಕಾಗುವಷ್ಟು.

ರೇಡಿಯೊದ ಮಾಲೀಕರು ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದಾರೆ. ಅವರೂ ಲಾರಿ ಡ್ರೈವರ್, ರೇಡಿಯೊ ಅಪ್ಪನಿಂದ ಬಂದದ್ದು. ಅವರು ಕೇಳುವುದು ಈ ಮೇಜಿನ ಮುಂದೆ ಬಹಳ ಮಂದಿ ಕೇಳುವ ಮಾತನ್ನೇ: “ಹೇಗೂ ಬಿಚ್ಚಿದ್ದೀರಲ್ಲ, ಸ್ವಲ್ಪ ಪವರ್ ಏರಿಸಿ ಕೊಡ್ತೀರಾ?”

ದನಿ ಅತಿಯಾಗದಂತೆ ತಡೆಯುವ ಒಂದು ಸಣ್ಣ ಟ್ರಾನ್ಸಿಸ್ಟರ್ ಒಳಗಿದೆ. ಅದನ್ನು ಕತ್ತರಿಸಿ ಎಸೆದರೆ ಮೀಟರಿನ ಮುಳ್ಳು ಕುಣಿಯುತ್ತದೆ, ಮಾತಾಡುವವರಿಗೆ ಖುಷಿಯಾಗುತ್ತದೆ. ಹಿರಿಯರು ಬಾಯಲ್ಲಿ ಉತ್ತರ ಹೇಳದೆ ಬೇರೊಂದು ರೇಡಿಯೊ ಎಳೆದು ತೋರಿಸುತ್ತಾರೆ, ಯಾರೋ ಹಾಗೆ ಕತ್ತರಿಸಿಕೊಂಡು ಬಂದದ್ದು. ಪರದೆಯ ಮೇಲೆ ಅಲೆಯ ನೆತ್ತಿ ಚಪ್ಪಟೆಯಾಗಿದೆ, ನಡು ತುಂಡಾಗಿದೆ. ಚಾನೆಲ್ಲುಗಳ ನಡುವಿನ ಅಂತರ ಸಾಮಾನ್ಯವಾಗಿ 10 ಕಿಲೋಹರ್ಟ್ಸ್ ಮಾತ್ರ. ಹೀಗೆ ಹರಿದ ದನಿ ಅಕ್ಕಪಕ್ಕದ ಚಾನೆಲ್ಲುಗಳಿಗೆಲ್ಲ ಸಿಡಿಯುತ್ತದೆ, ಅಲ್ಲಿ ಯಾರೋ ಆಪತ್ತಿಗೆ ಕರೆಯುತ್ತಿದ್ದರೂ ಮುಚ್ಚಿಹೋಗುತ್ತದೆ. “ನೋಡಪ್ಪ, ಶಕ್ತಿಯನ್ನ ನಾಲ್ಕರಿಂದ ಹದಿನಾರಕ್ಕೆ ಏರಿಸಿದರೂ ಆ ಕಡೆ ಕೇಳುವವನ ಮೀಟರಿನಲ್ಲಿ ಮುಳ್ಳು ಸರಿಯೋದು ಒಂದೇ ಒಂದು ಗೀಟು,” ಅನ್ನುತ್ತಾರೆ. ಆ ಮಾತು ಲೆಕ್ಕಕ್ಕೆ ಸರಿಯಾಗಿದೆ. ರಿಸೀವರ್ ಮೀಟರಿನ ಒಂದು ‘ಎಸ್’ ಗೀಟೆಂದರೆ 6 ಡೆಸಿಬಲ್, ಅಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು.

ಹಾಗೆಂದು ಮಾರ್ಪಾಟೆಲ್ಲ ತಪ್ಪೆಂದಲ್ಲ. ಕಪಾಟಿನಲ್ಲಿ ಇದೇ ಜಾತಿಯ ಮತ್ತೊಂದು ರೇಡಿಯೊ ಇದೆ, ಹರಳು ಬದಲಿಸಿ ಕಾಯಿಲುಗಳನ್ನು ಹೊಸದಾಗಿ ಶ್ರುತಿ ಮಾಡಿ 28 ಮೆಗಾಹರ್ಟ್ಸಿನ ಹತ್ತು ಮೀಟರ್ ಹ್ಯಾಮ್ ಪಟ್ಟಿಗೆ ಏರಿಸಿದ್ದು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು, ಹೀಗೆ ಬದಲಿಸಿಕೊಂಡು ಆ ಪಟ್ಟಿಯಲ್ಲಿ ಬಳಸುವುದಕ್ಕೆ ಅಡ್ಡಿಯಿಲ್ಲ. ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಕಲೆಗಳು ಹೆಚ್ಚಿದಾಗ ಮೇಲಿನ ಅಯಾನುಗೋಳ ಈ ಅಲೆಗಳನ್ನು ಬಾಗಿಸಿ ಸಾಗರದಾಚೆಗೆ ಇಳಿಸುತ್ತದೆ. ಬೆಂಗಳೂರು, ಮೈಸೂರು, ಮಂಗಳೂರಿನ ಹ್ಯಾಮ್‌ಗಳಿಗೂ ಇದೇ ಪಟ್ಟಿ ಉಂಟು, ಅವರ ಕರೆಯಕ್ಷರ ಶುರುವಾಗುವುದು ‘ವಿಯು’ ಎಂದು. ಕೆಲವೇ ವ್ಯಾಟಿನಲ್ಲಿ ಖಂಡ ದಾಟುವ ದಾರಿ ಇಲ್ಲಿದೆ, ಯಾರ ಮಾತಿಗೂ ಅಡ್ಡಬರದೆ.

ಡ್ರೈವರಿನ ರೇಡಿಯೊದ ಟ್ರಾನ್ಸಿಸ್ಟರ್ ಇದ್ದಲ್ಲೇ ಉಳಿಯುತ್ತದೆ. ಬದಲಿಗೆ ಹಿರಿಯರು ಅವರನ್ನು ಲಾರಿಯ ಬಳಿಗೆ ಕರೆದೊಯ್ದು ಆಂಟೆನಾದ ಬುಡ ತೋರಿಸುತ್ತಾರೆ. ಬಣ್ಣ ಮತ್ತು ತುಕ್ಕಿನ ಮೇಲೇ ಬಿಗಿದ ಬೋಲ್ಟು, ನೀರಿಳಿದು ಹಸಿರುಗಟ್ಟಿದ ಕೇಬಲ್. ಈ ಅಲೆಯ ಉದ್ದ ಸುಮಾರು 11 ಮೀಟರ್, ಅದರ ಕಾಲುಭಾಗದಷ್ಟು ಉದ್ದದ ಉಕ್ಕಿನ ಕಡ್ಡಿ, ಬುಡದಲ್ಲಿ ಕೆರೆದು ಹೊಳೆಯಿಸಿದ ಲೋಹ, ಒಂದು ಹೊಸ ಕೇಬಲ್ ಇದ್ದರೆ ನಾಲ್ಕೂ ವ್ಯಾಟು ಹೆಚ್ಚುಕಡಿಮೆ ಪೂರ್ತಿ ಗಾಳಿಗಿಳಿಯುತ್ತದೆ. ಇಲ್ಲದಿದ್ದರೆ ಅದರಲ್ಲಿ ಬಹುಪಾಲು ದಾರಿಯಲ್ಲೇ ಪೋಲು. ಹಿರಿಯರು ಉಕ್ಕಿನ ಬ್ರಷ್ಷು ಹಿಡಿದು ತಾವೇ ಕೆರೆಯಲು ನಿಲ್ಲುತ್ತಾರೆ, ಡ್ರೈವರ್ ಸ್ಪ್ಯಾನರ್ ಹಿಡಿಯುತ್ತಾರೆ.

ಅಯೋವಾದ ಬಯಲಿನಲ್ಲಿ ಚಳಿಗಾಲದ ಹಿಮಗಾಳಿ ಎದ್ದರೆ ಮುಂದಿನ ಲಾರಿಯ ಹಿಂದೀಪವೂ ಕಾಣದು. ಮೈಲಿ ಮುಂದೆ ಒಂದು ಗಾಡಿ ಅಡ್ಡಬಿದ್ದಿದೆ ಎಂಬ ಸುದ್ದಿ ಅಪರಿಚಿತನೊಬ್ಬನಿಂದ 19ನೇ ಚಾನೆಲ್ಲಿನಲ್ಲಿ ಬರುತ್ತದೆ, ಹಿಂದಿನವರು ಕಾಲು ಬ್ರೇಕಿನ ಮೇಲಿಡಲು ಇರುವುದು ಕೆಲವೇ ಕ್ಷಣ. ಆ ಮಾತು ಒಂದೇ ಸಲಕ್ಕೆ ತಿಳಿಯಬೇಕು. ಈ ಮೇಜಿನ ಮೇಲೆ ನಡೆಯುವ ಇಷ್ಟೆಲ್ಲ ತಾಳ್ಮೆಯ ಕೆಲಸ ಅದಕ್ಕಾಗಿ.