ಸ್ವಭಾವಚಿತ್ರ: ಫಿಲ್ಮು, ಕತ್ತಲೆಕೋಣೆ ಮತ್ತು ಬೀದರ ಸೀಮೆ

ತನ್ನ ಚರಿತ್ರೆಯನ್ನು ತಾನೇ ಬರೆದುಕೊಳ್ಳುವುದು ಆತ್ಮಚರಿತ್ರೆಯೆನಿಸುವಂತೆ, ತನ್ನ ಭಾವಚಿತ್ರವನ್ನು ತಾನೇ ತೆಗೆದುಕೊಳ್ಳುವುದು ಸ್ವಭಾವಚಿತ್ರವೆನಿಸುವುದು. ಈ ಸಮಾಸವನ್ನು ‘ಸ್ವ-ಭಾವಚಿತ್ರ’ವೆಂದು ಬಿಡಿಸಿದರೆ ಕೃತಿಯ ಕರ್ತೃ ಯಾರೆಂಬುದು ತಿಳಿಯುತ್ತದೆ, ‘ಸ್ವಭಾವ-ಚಿತ್ರ’ವೆಂದು ಬಿಡಿಸಿದರೆ ಕೃತಿಯ ಗುರಿ ಏನೆಂಬುದು ತಿಳಿಯುತ್ತದೆ. ಫಿಲ್ಮಿನ ಕ್ಯಾಮರಾದಿಂದ ಇಂತಹ ಚಿತ್ರವನ್ನು ತೆಗೆದು ಕತ್ತಲೆಕೋಣೆಯಲ್ಲಿ ಅಚ್ಚಿಳಿಸುವ ಕ್ರಮವನ್ನು ಬೀದರ, ಭಾಲ್ಕಿ, ಔರಾದಗಳ ಬೆಳಕು, ನೀರು, ಬೆಳ್ಳಿಗೆಲಸಗಳ ಆಧಾರದಿಂದ ವಿವರಿಸುವುದೂ, ಇಂತಹ ಚಿತ್ರವು ಎಷ್ಟರಮಟ್ಟಿಗೆ ಸಾಕ್ಷ್ಯವಾಗಬಲ್ಲುದೆಂಬುದನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

1. ಪದವಿಚಾರ

ಬೀದರ ಸೀಮೆಯು ಕನ್ನಡ, ಮರಾಠಿ, ಉರ್ದು, ತೆಲುಗುಗಳು ಕೂಡುವ ಗಡಿನಾಡು. 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದುದರಿಂದ ಒಂದೇ ವಸ್ತುವಿಗೆ ಇಲ್ಲಿ ಹಲವು ಹೆಸರುಗಳು ಬಳಕೆಗೆ ಬಂದುವು. ‘ತಸ್ವೀರು’ ಎಂಬುದು ಅರಬ್ಬಿಯಿಂದ ಬಂದ ಶಬ್ದ. ರೂಪವನ್ನು ಕೊಡುವುದು ಎಂದು ಅದರ ಮೂಲಾರ್ಥ. ಆರನೆಯ ನಿಜಾಮರ ಆಸ್ಥಾನದ ಛಾಯಾಚಿತ್ರಕಾರನಾದ ಲಾಲಾ ದೀನದಯಾಳನಿಗೆ (1844–1905) ದೊರೆತ ‘ಮುಸವ್ವಿರ್ ಜಂಗ್’ ಎಂಬ ಬಿರುದು ಇದೇ ಧಾತುವಿನಿಂದಾದುದು. ‘ಛಾಯಾಚಿತ್ರ’ದಲ್ಲಿಯ ಛಾಯೆಗೆ ನೆರಳೆಂಬ ಅರ್ಥವೂ ಪ್ರತಿಬಿಂಬವೆಂಬ ಅರ್ಥವೂ ಉಂಟು. ‘ಭಾವಚಿತ್ರ’ವಾದರೋ ರೂಪವನ್ನು ಬಿಟ್ಟು ಒಳಗಿನ ಭಾವವನ್ನೇ ಹೆಸರಿಸುತ್ತದೆ. ರೂಪ, ನೆರಳು, ಭಾವ ಈ ಮೂರನ್ನೂ ಒಬ್ಬನೇ ನಿರ್ವಹಿಸಬೇಕಾಗಿ ಬರುವುದು ಸ್ವಭಾವಚಿತ್ರದಲ್ಲಿ ಮಾತ್ರ.

2. ಪೂರ್ವೋದಾಹರಣೆಗಳು

ಈ ಪದ್ಧತಿಯು ಛಾಯಾಚಿತ್ರಕಲೆಯಷ್ಟೇ ಹಳೆಯದು. 1839ರಲ್ಲಿ ಫಿಲಡೆಲ್ಫಿಯ ನಗರದ ರಾಬರ್ಟ್ ಕಾರ್ನೀಲಿಯಸ್ ಎಂಬಾತನು ಬೆಳ್ಳಿಲೇಪದ ತಗಡಿನ ಮೇಲೆ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡನು. 1840ರಲ್ಲಿ ಪ್ಯಾರಿಸಿನ ಇಪೊಲಿತ್ ಬಯಾರ್ ಎಂಬಾತನು, ತನ್ನ ಸಂಶೋಧನೆಗೆ ಸರಕಾರವು ತಕ್ಕ ಮನ್ನಣೆಯನ್ನು ಕೊಡಲಿಲ್ಲವೆಂಬ ನೋವಿನಿಂದ, ನೀರಿನಲ್ಲಿ ಮುಳುಗಿ ಸತ್ತವನಂತೆ ತನ್ನನ್ನೇ ಚಿತ್ರಿಸಿಕೊಂಡು ಅದರ ಹಿಂಬದಿಯಲ್ಲಿ ತನ್ನ ದೂರನ್ನು ಬರೆದನು. ಕಲೆ ಹುಟ್ಟಿದ ಒಂದೆರಡು ವರ್ಷಗಳಲ್ಲಿಯೇ ಸತ್ಯವನ್ನು ಹೇಳುವ ಚಿತ್ರವೂ, ಸುಳ್ಳಿನ ಮೂಲಕ ಅಳಲನ್ನು ತೋಡಿಕೊಳ್ಳುವ ಚಿತ್ರವೂ ಜೊತೆಜೊತೆಯಾಗಿ ಹುಟ್ಟಿದುವೆಂಬುದು ಗಮನಾರ್ಹವಾದುದು.

ಭಾರತದಲ್ಲಿ ಜಯಪುರದ ಎರಡನೆಯ ಸವಾಯಿ ರಾಮಸಿಂಹನು ತನ್ನನ್ನು ಶಿವಭಕ್ತನ ವೇಷದಲ್ಲಿಯೂ ಚಿತ್ರಿಸಿಕೊಂಡನು. ತ್ರಿಪುರದ ಬೀರಚಂದ್ರ ಮಾಣಿಕ್ಯ ಮಹಾರಾಜನು (ಆಳಿಕೆ 1862–1896) ರಾಣಿ ಮನಮೋಹಿನಿಯೊಡನೆ ಕುಳಿತು ಉದ್ದವಾದ ತಂತಿಯ ಸಹಾಯದಿಂದ ಷಟರನ್ನು ತಾನೇ ಬಿಟ್ಟನೆಂದು ಪ್ರಸಿದ್ಧಿಯಿದೆ. ಚಿತ್ರಗಾರ್ತಿ ಅಮೃತಾ ಶೇರ್‌ಗಿಲ್‌ರ ತಂದೆಯಾದ ಉಮ್ರಾವ್ ಸಿಂಗ್ (1870–1954) ಹಲವು ದಶಕಗಳ ಕಾಲ ತಮ್ಮ ಚಿತ್ರಗಳನ್ನು ತಾವೇ ತೆಗೆದುಕೊಂಡರು. ಒಂದು ಚಿತ್ರ ಹೇಳಲಾರದ ವಯೋಧರ್ಮವನ್ನು ಅವರ ಚಿತ್ರಮಾಲೆಯು ಹೇಳುತ್ತದೆ.

3. ತೆಗೆಯುವ ಕ್ರಮ

ಸ್ವಭಾವಚಿತ್ರದ ಮುಖ್ಯ ತೊಡಕೆಂದರೆ, ಮಸೂರದ ಹಿಂದೆ ನಿಂತು ನೋಡುವವನೂ ಮುಂದೆ ನಿಂತು ನೋಡಿಸಿಕೊಳ್ಳುವವನೂ ಒಬ್ಬನೇ ಆಗಿರುವುದು. ಇದಕ್ಕೆ ಎರಡು ಉಪಾಯಗಳುಂಟು.

ಮೊದಲನೆಯದು ದೂರವನ್ನು ಮುಂಚಿತವಾಗಿ ಗೊತ್ತುಮಾಡುವುದು. ಮುಖವಿರಬೇಕಾದ ಸ್ಥಳದಲ್ಲಿ ಒಂದು ಕೋಲನ್ನು ನಿಲ್ಲಿಸಿ, ಅದಕ್ಕೆ ಫೋಕಸು ಮಾಡಿ, ಮಸೂರದಿಂದ ಅಲ್ಲಿಯ ವರೆಗೆ ದಾರ ಹಿಡಿದು ಅಳೆದಿಟ್ಟುಕೊಳ್ಳಬೇಕು. ಬಳಿಕ ಉದ್ದವಾದ ಕೇಬಲಿನಿಂದಾಗಲಿ, ಸುಮಾರು 10 ಸೆಕೆಂಡು ತಡೆದು ಷಟರನ್ನು ಬಿಡುವ ಸ್ವಯಂಚಾಲಕದಿಂದಾಗಲಿ ಚಿತ್ರವನ್ನು ತೆಗೆಯಬಹುದು. 35 ಮಿಲಿಮೀಟರು ಫಿಲ್ಮಿನ ಕ್ಯಾಮರಾದಲ್ಲಿ 50 ಮಿಲಿಮೀಟರಿನ ಮಸೂರವನ್ನು 2 ಮೀಟರು ದೂರಕ್ಕೆ ನಿಲ್ಲಿಸಿದಾಗ, ಎಫ್ 2ರ ದ್ವಾರದಲ್ಲಿ ಹೆಚ್ಚುಕಡಿಮೆ 20 ಸೆಂಟಿಮೀಟರಿನಷ್ಟು ಆಳವೇ ಸ್ಪಷ್ಟವಾಗಿ ಮೂಡುವುದು. ಎಫ್ 8ರಲ್ಲಿ ಅದು 80 ಸೆಂಟಿಮೀಟರಿನಷ್ಟಾಗುವುದು. ಒಂಟಿಯಾಗಿ ಕೆಲಸಮಾಡುವವನು ದ್ವಾರವನ್ನು ಕಿರಿದುಮಾಡುವುದೇ ಲೇಸು.

ಎರಡನೆಯದು ಕನ್ನಡಿಯ ಉಪಾಯ. ಇಲ್ಲಿ ಫೋಕಸಿನ ದೂರವು ಕ್ಯಾಮರಾದಿಂದ ಕನ್ನಡಿಯ ವರೆಗಿನದಲ್ಲ. ಕ್ಯಾಮರಾದಿಂದ ಕನ್ನಡಿಗೂ, ಕನ್ನಡಿಯಿಂದ ಮುಖಕ್ಕೂ ಇರುವ ದೂರಗಳ ಮೊತ್ತ. ಇದನ್ನು ಮರೆತರೆ ಕನ್ನಡಿಯ ಚೌಕಟ್ಟು ಸ್ಪಷ್ಟವಾಗಿ ಮೂಡಿ ಮುಖವು ಮಸಕಾಗುವುದು. ಅದಲ್ಲದೆ ಚಿತ್ರದಲ್ಲಿ ಎಡಬಲಗಳು ಅದಲುಬದಲಾಗುತ್ತವೆ. ಪ್ರಿಂಟು ಮಾಡುವಾಗ ನೆಗೆಟಿವನ್ನು ಮಗುಚಿಟ್ಟರೆ ಅವು ಸರಿಹೋಗುತ್ತವೆ. ಮನುಷ್ಯನಿಗೆ ಪರಿಚಿತವಾದ ತನ್ನ ಮುಖ ಕನ್ನಡಿಯಲ್ಲಿಯದು. ಲೋಕಕ್ಕೆ ಪರಿಚಿತವಾದುದು ಅದರ ವಿಪರ್ಯಾಸ. ನೆಗೆಟಿವಿನ ಎರಡು ಮಗ್ಗುಲುಗಳಲ್ಲಿ ಈ ಎರಡೂ ಇರುವುದರಿಂದ, ಯಾವುದನ್ನು ಅಚ್ಚಿಳಿಸಬೇಕೆಂಬ ನಿರ್ಣಯವು ಯಂತ್ರದ್ದಲ್ಲ, ಕರ್ತೃವಿನದು.

ಬೆಳಕಿನ ವಿಚಾರ. ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ; ಕೋಟೆಯ ಕಂದಕವನ್ನು ಬಂಡೆಯಲ್ಲಿಯೇ ಕಡೆದಿದ್ದಾರೆ. ಈ ಕೆಂಪು ಹಿನ್ನೆಲೆಯು ಕೆಂಬಣ್ಣಕ್ಕೆ ಕುರುಡಾದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಬಹುಮಟ್ಟಿಗೆ ಕಪ್ಪಾಗಿ ಬೀಳುವುದು. ಮೈಬಣ್ಣವೂ ಇದ್ದುದಕ್ಕಿಂತ ಕಂದುವುದು. ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಎರಡೂ ತಕ್ಕ ಮಟ್ಟಿಗೆ ತಿಳಿಯಾಗುತ್ತವೆ. ಹಳೆಯ ಚಿತ್ರವೊಂದರಲ್ಲಿ ಮುಖವು ಕಪ್ಪಾಗಿದ್ದರೆ ಅದನ್ನು ಮೈಬಣ್ಣದ ಸಾಕ್ಷ್ಯವೆಂದು ಕೂಡಲೆ ಎಣಿಸಲಾಗದು. ಔರಾದದ ಎರೆಭೂಮಿಯಲ್ಲಿ ಬಿಳಿಯ ಧೋತರವನ್ನುಟ್ಟು ನಡುಹಗಲು ನಿಂತರೆ ಬೆಳಕುನೆರಳುಗಳ ಅಂತರವು ಅತಿಯಾಗಿ, ರುಮಾಲಿನ ಕೆಳಗೆ ಕಣ್ಣು ಕಾಣದಂತಾಗುವುದು. ಅಂತಹಲ್ಲಿ ನೆರಳಿಗೆ ತಕ್ಕಷ್ಟು ಬೆಳಕನ್ನು ಕೊಟ್ಟು ಡೆವಲಪರಿನ ಕಾಲವನ್ನು ಕಡಮೆಮಾಡಬೇಕು. ಭಾಲ್ಕಿಯಲ್ಲಾಗಲಿ ಬೇರೆಲ್ಲಿಯಾಗಲಿ ಒಳ ಅಂಗಳವುಳ್ಳ ಮನೆಯಾದರೆ, ಪಡಸಾಲೆಯ ನೆರಳಿನಲ್ಲಿ ಅಂಗಳದ ಕಡೆಗೆ ಮುಖಮಾಡಿ ನಿಲ್ಲುವುದು ಉತ್ತಮ. 100ರ ವೇಗದ ಫಿಲ್ಮಿಗೆ ಬಿಸಿಲಿನಲ್ಲಿ ಎಫ್ 16ರಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗ ಸಾಕಾಗುವುದು. ತೆರೆದ ನೆರಳಿನಲ್ಲಿ ಅದರ ಎಂಟರಷ್ಟು ಬೇಕಾಗಬಹುದು.

4. ಕತ್ತಲೆಕೋಣೆ

ಬೆಳಕು ತಾಕಿದೊಡನೆಯೇ ಫಿಲ್ಮಿನಲ್ಲಿ ಏನೂ ಕಾಣಿಸದು. ಬೆಳ್ಳಿಯ ಲವಣದ ಕಣಗಳಲ್ಲಿ ಕೆಲವೇ ಪರಮಾಣುಗಳು ಬೆಳ್ಳಿಯಾಗಿ ಅಡಗಿರುತ್ತವೆ. 1840ರಲ್ಲಿ ಟಾಲ್ಬಟ್ ಎಂಬ ಆಂಗ್ಲನು ಈ ಸುಪ್ತಬಿಂಬವನ್ನು ಕಂಡುಕೊಂಡನು. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ನಾಡಿಗೆಲ್ಲ ತಿಳಿದುದು. ಹೊರಗೆ ತೋರದೆ ಒಳಗೆ ನೆಲೆಸಿ ತಕ್ಕ ಕಾಲದಲ್ಲಿ ಪ್ರಕಟವಾಗುವ ಇರವು ಹೇಗಿರುವುದೆಂಬುದಕ್ಕೆ ಆ ಸೀಮೆಯಲ್ಲಿ ಬೇರೆ ದೃಷ್ಟಾಂತ ಬೇಕಿಲ್ಲ. ಡೆವಲಪರು ಆ ಅಡಗಿದ ಬೆಳ್ಳಿಯನ್ನು ಸುಮಾರು ನೂರು ಕೋಟಿ ಪಾಲು ಹೆಚ್ಚಿಸಿ ಕಣ್ಣಿಗೆ ಕಾಣಿಸುತ್ತದೆ.

ಪ್ರಸಿದ್ಧವಾದ ‘ಡಿ-76’ ಎಂಬ ಪಾಕದಲ್ಲಿ 1 ಲೀಟರಿಗೆ ಮೆಟಾಲು 2 ಗ್ರಾಮು, ಸೋಡಿಯಂ ಸಲ್ಫೈಟು 100 ಗ್ರಾಮು, ಹೈಡ್ರೊಕ್ವಿನೋನು 5 ಗ್ರಾಮು, ಬಿಳಿಗಾರ 2 ಗ್ರಾಮು ಸೇರುತ್ತವೆ. ಇದಕ್ಕೆ ಹೇಳಿದ ಶಾಖ 20 ಡಿಗ್ರಿ ಸೆಂಟಿಗ್ರೇಡು. ಬೀದರದ ಬೇಸಗೆಯಲ್ಲಿ ನೀರು ಅಷ್ಟು ತಣ್ಣಗೆ ದೊರೆಯದು. ಬಿಸಿ ಹೆಚ್ಚಾದರೆ ಫಿಲ್ಮಿನ ಮೇಲಣ ಜೆಲಟಿನ್ ಉಬ್ಬಿ ಸುಕ್ಕುಗಟ್ಟುವುದು. ಆದುದರಿಂದ ನೀರನ್ನು ಬಟ್ಟೆಯಲ್ಲಿ ಶೋಧಿಸಿ ಮಣ್ಣಿನ ಹರವಿಯಲ್ಲಿ ತಣಿಸಿಟ್ಟು, ಇರುಳಿನಲ್ಲಿ ಕೆಲಸಮಾಡಿ, ಹೈಪೊಗೆ ಪಟಿಕವನ್ನು ಸೇರಿಸಿ ಜೆಲಟಿನ್ನನ್ನು ಗಟ್ಟಿಮಾಡಬೇಕು. ಬೆಳಕು ತಾಕದ ಲವಣವನ್ನು ಕರಗಿಸಿ ತೆಗೆಯುವುದೇ ಹೈಪೊವಿನ ಕೆಲಸ. ಅದರ ಈ ಗುಣವನ್ನು ಜಾನ್ ಹರ್ಷಲನು 1819ರಲ್ಲಿಯೇ ಕಂಡಿದ್ದನು.

ಪ್ರಿಂಟು ಮಾಡುವಾಗ ಕಾಗದವು ಕೆಂಪು ದೀಪವನ್ನು ಸಹಿಸುವುದು. ಮೊದಲು ಕಾಗದದ ಪಟ್ಟಿಯೊಂದರ ಮೇಲೆ ಬೇರೆ ಬೇರೆ ಕಾಲಗಳನ್ನು ಪರೀಕ್ಷಿಸಿ, ಬಳಿಕ ಎನ್‌ಲಾರ್ಜರಿನ ಬೆಳಕಿಗೆ ಕೈಯನ್ನು ಅಡ್ಡ ಹಿಡಿದು ಒಂದೆಡೆ ತಿಳಿಮಾಡುವುದೂ, ಇನ್ನೊಂದೆಡೆ ಹೆಚ್ಚು ಬೆಳಕನ್ನು ಬಿಟ್ಟು ಕಪ್ಪುಮಾಡುವುದೂ ರೂಢಿ. ಆತ್ಮಚರಿತ್ರಕಾರನು ಒಂದು ಪ್ರಸಂಗವನ್ನು ಹಿಗ್ಗಿಸಿ ಇನ್ನೊಂದನ್ನು ಸೂಚ್ಯವಾಗಿ ಬಿಡುವುದು ಇದಕ್ಕೆ ಸಮಾನವಾದುದು.

5. ಬಿದರಿಯ ಬೆಳ್ಳಿ, ಚಿತ್ರದ ಬೆಳ್ಳಿ

ಬೆಳ್ಳಿಯನ್ನೂ ಕಪ್ಪನ್ನೂ ಕೂಡಿಸುವ ವಿದ್ಯೆ ಬೀದರಕ್ಕೆ ಹೊಸತಲ್ಲ. ಬಿದರಿಯ ಕೆಲಸಗಾರನು ಹೆಚ್ಚುಭಾಗ ಸತುವಿಗೆ ಸ್ವಲ್ಪ ತಾಮ್ರವನ್ನು ಬೆರಸಿ ಎರಕಹೊಯ್ದು, ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪುಮಾಡಿ, ಚಿತ್ತಾರವನ್ನು ಕೊರೆದು ಬೆಳ್ಳಿಯನ್ನು ಕೂರಿಸುತ್ತಾನೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಾಯಿಸಿ ಪಾತ್ರೆಯನ್ನು ಅದರಲ್ಲಿ ಅದ್ದಿದಾಗ ಮೂಲಲೋಹವು ಮಾತ್ರ ಕಪ್ಪಾಗಿ, ಬೆಳ್ಳಿಯು ಬೆಳ್ಳಗೆ ಉಳಿಯುವುದು. ಛಾಯಾಚಿತ್ರದಲ್ಲಿ ಇದು ತಿರುವುಮುರುವಾಗಿದೆ: ನುಣ್ಣನೆಯ ಕಣಗಳಾದ ಬೆಳ್ಳಿಯು ಬೆಳಕನ್ನು ಹೀರಿ ತಾನೇ ಕಪ್ಪಾಗುತ್ತದೆ, ಬೆಳ್ಳಗಿರುವುದು ಬರಿಯ ಕಾಗದ.

ಆದರೆ ಇವೆರಡಕ್ಕೂ ಶತ್ರು ಒಂದೇ, ಅದು ಗಂಧಕ. ಬಿದರಿಯ ಬೆಳ್ಳಿ ಅದರಿಂದ ಮಾಸಿದರೆ ಉಜ್ಜಿ ಬೆಳಗಬಹುದು. ಚಿತ್ರದ ಬೆಳ್ಳಿ ಮಾಸಿದರೆ ಆ ಉಪಾಯವಿಲ್ಲ. ಹೈಪೊವಿನಲ್ಲಿಯೇ ಗಂಧಕವಿರುವುದರಿಂದ, ಪ್ರಿಂಟನ್ನು ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆಯ ಕಾಲ ತೊಳೆಯದಿದ್ದರೆ ಉಳಿದ ಹೈಪೊ ವರ್ಷಗಳ ಮೇಲೆ ಬೆಳ್ಳಿಯನ್ನು ತಿಂದು ಮುಖವನ್ನು ಹಳದಿಯಾಗಿಸಿ ಅಳಿಸುವುದು. ಗೋಡೆಯ ಮೇಲಿನ ಹಿರಿಯರ ಭಾವಚಿತ್ರಗಳು ಕಂದುವುದಕ್ಕೆ ಕಾಲವೊಂದೇ ಕಾರಣವಲ್ಲ. ನೀರಿನ ಕೊರತೆಯೂ ತೊಳೆಯುವವನ ಆತುರವೂ ಕಾರಣವಾಗಿರಬಹುದು.

6. ಉಪಸಂಹಾರ

ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರದ ಚರಿತ್ರೆ ಮತ್ತು ಸ್ಮಾರಕಗಳ ಗ್ರಂಥದಲ್ಲಿ ಕಟ್ಟಡಗಳ ಛಾಯಾಚಿತ್ರಗಳು ಭದ್ರವಾಗಿವೆ. ಮನುಷ್ಯರ ಮುಖಗಳಿಗೆ ಮನೆಯ ಗೋಡೆ, ಸ್ಟುಡಿಯೊಗಳ ನೆಗೆಟಿವಿನ ಪೆಟ್ಟಿಗೆಗಳೇ ಆಶ್ರಯ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮಿನ ಉತ್ಪಾದನೆ ನಿಂತುಹೋಗಿದೆ. ಫಿಲ್ಮೂ ಕಾಗದವೂ ಈಗ ಹೊರದೇಶಗಳಿಂದ ಬರಬೇಕು. ಈ ಕ್ರಮವನ್ನು ಬಲ್ಲವರು ವಿರಳವಾದಂತೆಲ್ಲ ಹಳೆಯ ಚಿತ್ರವನ್ನು ಓದಬಲ್ಲವರೂ ವಿರಳರಾಗುವರು.

ಹಳೆಯ ಓಲೆಯನ್ನು ಓದುವವನಿಗೆ ಲಿಪಿಕಾರನ ಸ್ಖಾಲಿತ್ಯಗಳ ಪರಿಚಯ ಎಷ್ಟು ಅವಶ್ಯವೋ ಹಳೆಯ ಭಾವಚಿತ್ರವನ್ನು ಪರೀಕ್ಷಿಸುವವನಿಗೆ ಈ ಸಂಗತಿಗಳ ಪರಿಚಯವೂ ಅಷ್ಟೇ ಅವಶ್ಯ. ಚಿತ್ರವು ಕನ್ನಡಿಯದೋ ನೇರವೋ, ಕಪ್ಪು ಮೈಯದೋ ಫಿಲ್ಮಿನದೋ, ಮಸುಕು ವಯಸ್ಸಿನದೋ ಹೈಪೊವಿನದೋ ಎಂದು ಕೇಳದೆ ಅದನ್ನು ಸಾಕ್ಷ್ಯವಾಗಿ ಹಿಡಿಯಲಾಗದು. ಪ್ರಿಂಟಿನ ಹಿಂಬದಿಯಲ್ಲಿ ಹೆಸರು, ಊರು, ವರ್ಷಗಳನ್ನು ಮೆತ್ತನೆಯ ಸೀಸದ ಕಡ್ಡಿಯಿಂದ ಬರೆದು, ನೆಗೆಟಿವನ್ನು ತೇವವಿಲ್ಲದ ತಂಪಾದ ಎಡೆಯಲ್ಲಿ ಕಾಗದದ ಲಕೋಟೆಯಲ್ಲಿರಿಸುವುದು ಯಾವ ಶಾಲೆಯ ಉಪಾಧ್ಯಾಯರಿಗಾದರೂ ಸಾಧ್ಯವಾದ ಕೆಲಸ. ಪ್ರಿಂಟು ಮಾಸಿದರೂ ನೆಗೆಟಿವು ಉಳಿದಿದ್ದರೆ ಅದೇ ಮುಖವನ್ನು ಮತ್ತೊಮ್ಮೆ ಅಚ್ಚಿಳಿಸಬಹುದು.