ಕೈಕೊಟ್ಟ ಕತ್ತು

ತೊಂಬತ್ತರ ದಶಕದಲ್ಲಿ ಫ್ಯಾಷನ್ ಪತ್ರಿಕೆಗಳ ಮುಖಪುಟಗಳನ್ನು ಆಳಿದ ಕೆನಡಾದ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ಆಮೇಲೆ ಹಲವು ವರ್ಷ ಜನರ ಕಣ್ಣಿಗೇ ಬೀಳಲಿಲ್ಲ. ಕಾರಣವನ್ನು 2021ರ ಸೆಪ್ಟೆಂಬರಿನಲ್ಲಿ ಅವರೇ ಹೊರಹಾಕಿದರು. ಗದ್ದದ ಕೆಳಗೂ ಮೈಯ ಬೇರೆ ಕೆಲವು ಕಡೆಯೂ ಕೊಬ್ಬು ಕರಗಿಸಲೆಂದು ಮಾಡಿಸಿಕೊಂಡ ‘ಕೂಲ್‌ಸ್ಕಲ್ಪ್ಟಿಂಗ್’ ಎಂಬ ಶೀತ ಚಿಕಿತ್ಸೆ ತಿರುಗುಬಾಣವಾಗಿತ್ತು. ಕರಗಬೇಕಾದ ಕೊಬ್ಬು ಗಟ್ಟಿಯಾಗಿ ಬೆಳೆದಿತ್ತು. ಸರಿಪಡಿಸಲು ಎರಡು ಸಲ ಲೈಪೋಸಕ್ಷನ್ ಮಾಡಿಸಿದರೂ ಅದು ಮರಳಿ ಬಂತು. 5 ಕೋಟಿ ಡಾಲರ್ ಪರಿಹಾರ ಕೇಳಿ ಹೂಡಿದ ದಾವೆ 2022ರ ಜುಲೈನಲ್ಲಿ ರಾಜಿಯಲ್ಲಿ ಮುಗಿಯಿತು. ಅದರ ಬೆನ್ನಲ್ಲೇ ಬ್ರಿಟಿಷ್ ‘ವೋಗ್’ ಪತ್ರಿಕೆಯ ಮುಖಪುಟದಲ್ಲಿ ಅವರು ಕಾಣಿಸಿಕೊಂಡರು. ಮುಖ, ದವಡೆ, ಕತ್ತುಗಳನ್ನು ಟೇಪು ಮತ್ತು ಎಲಾಸ್ಟಿಕ್ಕಿನಿಂದ ಹಿಂದಕ್ಕೆ ಎಳೆದು ಕಟ್ಟಿ ಆ ಚಿತ್ರ ತೆಗೆದದ್ದು; ನಿಜಜೀವನದಲ್ಲಿ ನನ್ನ ಕತ್ತು ಹೀಗಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಇವಾಂಜೆಲಿಸ್ಟಾ ಅವರಿಗೆ ಆದದ್ದು ವೈದ್ಯ ಸಾಹಿತ್ಯ 2014ರಲ್ಲಷ್ಟೇ ಗುರುತಿಸಿದ ಅಪರೂಪದ ಅಡ್ಡಪರಿಣಾಮ. ಜೋತ ಕತ್ತನ್ನು ಬಿಗಿಗೊಳಿಸಲು ಕತ್ತರಿ ಹಿಡಿದು ಮಾಡುವ ನೆಕ್ ಲಿಫ್ಟ್‌ನಲ್ಲಿ ಆಗುವ ನಿರಾಶೆ ಅಷ್ಟು ಅಪರೂಪದ್ದಲ್ಲ, ಅಷ್ಟು ಸುದ್ದಿಯಾಗುವುದೂ ಇಲ್ಲ. ಅಮೆರಿಕದ ಲೇಖಕಿ ನೋರಾ ಎಫ್ರಾನ್ 2006ರಲ್ಲಿ ತಮ್ಮ ಕತ್ತಿನ ಬಗೆಗಿನ ಬೇಸರವನ್ನೇ ಶೀರ್ಷಿಕೆ ಮಾಡಿ ಪ್ರಬಂಧ ಸಂಕಲನ ತಂದಾಗ ಅದು ಬಿಸಿದೋಸೆಯಂತೆ ಖರ್ಚಾಯಿತು. ಮುಖಕ್ಕೆ ಬಣ್ಣ ಬಳಿಯಬಹುದು, ಕೂದಲಿಗೆ ಡೈ ಹಚ್ಚಬಹುದು, ಕತ್ತನ್ನು ಮರೆಸಲು ದುಪಟ್ಟಾ ಬಿಟ್ಟರೆ ದಾರಿಯಿಲ್ಲ. ಹಣ ಕೊಟ್ಟು, ನೋವು ತಿಂದು, ಕನ್ನಡಿಯ ಮುಂದೆ ನಿಂತಾಗ ಅದೇ ಕತ್ತು ಮೊದಲಿನಂತೆಯೇ ಅಥವಾ ಇನ್ನೂ ಕೆಟ್ಟದಾಗಿ ಕಂಡರೆ ಏನು ಮಾಡಬೇಕು?

ಮೊದಲು ಕ್ಯಾಲೆಂಡರ್ ನೋಡಬೇಕು. ಆಪರೇಷನ್ ಆಗಿ ಎರಡು ವಾರದವರೆಗೆ ಊತ, ನೀಲಿ ಕಲೆಗಳು ಇದ್ದೇ ಇರುತ್ತವೆ. ಅವು ಇಳಿದ ಮೇಲೆ ಗದ್ದದ ಕೆಳಗೆ ಗಂಟುಗಂಟಾದ ಗಟ್ಟಿ ಭಾಗ ಕೈಗೆ ಸಿಗುತ್ತದೆ, ನುಂಗುವಾಗ ಬಿಗಿಯುತ್ತದೆ, ಕಿವಿಯ ಸುತ್ತ ಮರಗಟ್ಟಿರುತ್ತದೆ. ಕಿವಿಯ ಹಾಲೆಗೆ ಸ್ಪರ್ಶ ಕೊಡುವ ನರ ಕತ್ತಿನ ಬದಿಯಲ್ಲಿ ಚರ್ಮಕ್ಕೆ ತೀರ ಸಮೀಪ ಹಾದುಹೋಗುತ್ತದೆ; ಈ ಬಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚು ಪೆಟ್ಟು ತಿನ್ನುವ ನರ ಅದೇ. ಆ ಗಟ್ಟಿ ಭಾಗ ಮೆತ್ತಗಾಗಲು ತಿಂಗಳುಗಳು ಬೇಕು. ಕಿವಿಯ ಹಿಂದಿನ, ಗದ್ದದ ಕೆಳಗಿನ ಕಲೆ ಕೆಂಪು ಕಳೆದು ಮಾಸಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ. ನಮ್ಮ ಕಡೆಯ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕಲೆ ದಪ್ಪಗೆ ಉಬ್ಬುವ ಸಾಧ್ಯತೆ ಹೆಚ್ಚಾದ್ದರಿಂದ ಸಿಲಿಕೋನ್ ಪಟ್ಟಿ, ಬಿಸಿಲಿನಿಂದ ರಕ್ಷಣೆ, ಬೇಕಾದರೆ ಸ್ಟೆರಾಯ್ಡ್ ಇಂಜೆಕ್ಷನ್ ಎಂದು ವೈದ್ಯರು ಹೇಳಿದ್ದನ್ನು ಉದಾಸೀನ ಮಾಡುವಂತಿಲ್ಲ. ನಗುವಾಗ ಕೆಳತುಟಿ ಒಂದು ಕಡೆಗೆ ವಾಲಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ತುಟಿಯನ್ನು ಕೆಳಗೆಳೆಯುವಲ್ಲಿ ಕೈಜೋಡಿಸುವ ಕತ್ತಿನ ಸ್ನಾಯುವಿನ ನರ ಸುಸ್ತಾದರೂ ಹೀಗೇ ಕಾಣುತ್ತದೆ, ಮತ್ತು ಅದು ಬಹುಪಾಲು ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸರಿಹೋಗುತ್ತದೆ.

ಕಾಯಬಾರದ ಸಂಗತಿಗಳು ಬೇರೆ. ಮೊದಲ ದಿನದಲ್ಲಿ ಕತ್ತಿನ ಒಂದು ಬದಿ ನೋಡನೋಡುತ್ತ ಊದಿಕೊಂಡು, ಬಿಗಿದು, ಉಸಿರಾಟಕ್ಕೆ ತೊಂದರೆಯಾದರೆ ಒಳಗೆ ರಕ್ತ ತುಂಬುತ್ತಿದೆ ಎಂದರ್ಥ. ಬೆಳಗಾಗಲಿ ಎಂದು ಕೂರುವ ಸಮಯ ಅದಲ್ಲ. ಹಿಡಿತದಲ್ಲಿಲ್ಲದ ರಕ್ತದೊತ್ತಡ ಇದ್ದವರಿಗೂ ಗಂಡಸರಿಗೂ ಈ ಅಪಾಯ ಹೆಚ್ಚು. ಜ್ವರ, ಕೀವು, ಕಪ್ಪಗಾಗುತ್ತಿರುವ ಚರ್ಮ ಕಂಡರೂ ಅದೇ ದಿನ ಆಸ್ಪತ್ರೆ ಸೇರಬೇಕು. ಚರ್ಮ ಕಪ್ಪಾಗಿ ಸಾಯುವುದಕ್ಕೆ ದೊಡ್ಡ ಕಾರಣ ಬೀಡಿ–ಸಿಗರೇಟು. ಫೇಸ್‌ಲಿಫ್ಟ್ ಮಾಡಿಸಿಕೊಂಡವರನ್ನು ಗಮನಿಸಿ 1984ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ, ಸೇದುವವರಿಗೆ ಈ ಅಪಾಯ ಸುಮಾರು 12 ಪಟ್ಟು ಎಂದು ಲೆಕ್ಕ ಹಾಕಿತ್ತು. ಸೇದುತ್ತಿದ್ದುದನ್ನು ಸರ್ಜನ್‌ಗೆ ಹೇಳದೆ ಮುಚ್ಚಿಟ್ಟು ಆಮೇಲೆ ಅವರನ್ನೇ ದೂರುವವರೂ ಇದ್ದಾರೆ.

ವರ್ಷ ಕಳೆದರೂ ಬೇಸರ ಹಾಗೇ ಉಳಿದರೆ ಕಾರಣ ಹುಡುಕಲು ಕತ್ತಿನ ಒಳಗಿನ ಪದರಗಳಿಗೆ ಇಳಿಯಬೇಕು. ಚರ್ಮದ ಕೆಳಗೆ ಕೊಬ್ಬು. ಅದರ ಕೆಳಗೆ ಎದೆಯ ಮೇಲ್ಭಾಗದಿಂದ ದವಡೆಯವರೆಗೆ ಹಾಸಿಕೊಂಡಿರುವ ‘ಪ್ಲಟಿಸ್ಮಾ’ ಎಂಬ ತೆಳು ಸ್ನಾಯು. ವಯಸ್ಸಾದಾಗ ಕತ್ತಿನ ಮುಂದೆ ಎರಡು ಹಗ್ಗದಂತೆ ಎದ್ದು ಕಾಣುವುದು ಈ ಸ್ನಾಯುವಿನ ಅಂಚುಗಳೇ. ಅದಕ್ಕೂ ಕೆಳಗೆ ಇನ್ನಷ್ಟು ಕೊಬ್ಬು, ದವಡೆಯ ಕೆಳಗಿನ ಜೊಲ್ಲು ಗ್ರಂಥಿಗಳು, ನಾಲಿಗೆಯ ಬುಡಕ್ಕೆ ಆಧಾರವಾದ ಹಯಾಯ್ಡ್ ಮೂಳೆ. ಗಂಟುಗಂಟಾದ ಹಾಸಿಗೆಯ ಮೇಲೆ ಎಷ್ಟೇ ಬಿಗಿಯಾಗಿ ದುಪ್ಪಟಿ ಎಳೆದರೂ ಗಂಟು ಕಾಣದೆ ಇರದು. ಒಳಪದರ ಮುಟ್ಟದೆ ಬರೀ ಚರ್ಮ ಎಳೆದ ನೆಕ್ ಲಿಫ್ಟ್ ಬೇಗ ಸಡಿಲವಾಗುವುದೂ ಇದೇ ಕಾರಣಕ್ಕೆ. ಸ್ವೀಡನ್ನಿನ ಸರ್ಜನ್ ಟೋರ್ಡ್ ಸ್ಕೂಗ್ 1970ರ ದಶಕದಲ್ಲಿ ಚರ್ಮದ ಜೊತೆಗೆ ಆಳದ ಪದರವನ್ನೂ ಎತ್ತಿ ಕಟ್ಟುವ ವಿಧಾನ ತಂದರು. 1990ರಲ್ಲಿ ಅಮೆರಿಕದ ಜೋಯೆಲ್ ಫೆಲ್ಡ್‌ಮನ್ ಪ್ಲಟಿಸ್ಮಾದ ಎರಡು ಅಂಚುಗಳನ್ನು ನಡುವೆ ಸೇರಿಸಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು.

ಸಮಸ್ಯೆ ಕೆಲವೊಮ್ಮೆ ಸರ್ಜನ್ ಮಾಡಿದ್ದು ಕಡಿಮೆಯಾಯಿತು ಎಂಬುದಲ್ಲ, ಜಾಸ್ತಿಯಾಯಿತು ಎಂಬುದು. ಗದ್ದದ ಕೆಳಗಿನ ಕೊಬ್ಬನ್ನು ಅತಿಯಾಗಿ ಹೀರಿ ತೆಗೆದರೆ ನಡುವೆ ಗುಂಡಿ ಬಿದ್ದು ಎರಡೂ ಬದಿಯ ಸ್ನಾಯುವಿನ ಪಟ್ಟಿಗಳು ಹೆಡೆಯಂತೆ ಏಳುತ್ತವೆ. ಸರ್ಜನ್‌ಗಳು ಇದಕ್ಕೆ ‘ಕೋಬ್ರಾ ನೆಕ್’ ಎಂದೇ ಹೆಸರಿಟ್ಟಿದ್ದಾರೆ. ಚರ್ಮವನ್ನು ಮಿತಿಮೀರಿ ಬಿಗಿದು ಹೊಲಿದರೆ ಕಿವಿಯ ಹಾಲೆ ಕೆನ್ನೆಗೆ ಅಂಟಿ ಕೆಳಗೆ ಜಗ್ಗುತ್ತದೆ. ಕೊಬ್ಬು ತೆಗೆದ ಮೇಲೆ ಅಲ್ಲಿಯವರೆಗೆ ಮರೆಯಲ್ಲಿದ್ದ ಜೊಲ್ಲು ಗ್ರಂಥಿ ಉಬ್ಬಾಗಿ ಕಾಣಿಸಿಕೊಂಡರೆ ರೋಗಿಗೆ ಅದು ಗಡ್ಡೆಯೇನೋ ಎಂಬ ಭಯ.

ಯಾರ ಕೈಯಲ್ಲೂ ಇಲ್ಲದ ಮಿತಿಗಳೂ ಇವೆ. 1980ರಲ್ಲಿ ಎಲನ್‌ಬೋಗನ್ ಮತ್ತು ಕಾರ್ಲಿನ್ ಎಂಬ ಸರ್ಜನ್‌ಗಳು ಎಳೆಯ ಕತ್ತಿನ ಲಕ್ಷಣಗಳನ್ನು ಪಟ್ಟಿ ಮಾಡಿ, ಗದ್ದ–ಕತ್ತು ಕೂಡುವ ಕೋನ 105ರಿಂದ 120 ಡಿಗ್ರಿ ಇರಬೇಕು ಎಂದರು. ಹಯಾಯ್ಡ್ ಮೂಳೆ ಹುಟ್ಟಿನಿಂದಲೇ ಕೆಳಗೆ, ಮುಂದಕ್ಕೆ ಇರುವವರಿಗೆ ಎಂಥ ಕೈಚಳಕದಿಂದಲೂ ಆ ಕೋನ ಬರುವುದಿಲ್ಲ. ಗದ್ದ ಚಿಕ್ಕದಿದ್ದವರಿಗೆ ಕತ್ತಿಗಿಂತ ಗದ್ದಕ್ಕೇ ಚಿಕಿತ್ಸೆ ಬೇಕಿತ್ತೇನೋ. ಇದನ್ನು ಆಪರೇಷನ್ನಿಗೆ ಮುಂಚೆ ಹೇಳಿದ್ದರೆ ಅದು ತಿಳಿವಳಿಕೆ, ಆಮೇಲೆ ಹೇಳಿದರೆ ನೆಪ. ತಲೆ ತಗ್ಗಿಸಿ ತೆಗೆದ ‘ಮುಂಚೆ’, ಗದ್ದ ಎತ್ತಿ ತೆಗೆದ ‘ಆಮೇಲೆ’ ಫೋಟೊಗಳನ್ನು ತೋರಿಸಿ ಗಿರಾಕಿ ಹಿಡಿಯುವ ಕ್ಲಿನಿಕ್ಕುಗಳಿಂದ ಇಂಥ ಮಾತು ನಿರೀಕ್ಷಿಸುವುದು ಕಷ್ಟ.

ಇನ್ನು ಕನ್ನಡಿಯ ಆಚೆಗಿನ ವಿಚಾರ. ಅಮೆರಿಕದ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರ ತಮ್ಮ ‘ಸೈಕೋ-ಸೈಬರ್ನೆಟಿಕ್ಸ್’ ಪುಸ್ತಕದಲ್ಲಿ, ಆಪರೇಷನ್ ಕಣ್ಣಿಗೆ ಕಾಣುವಷ್ಟು ಚೆನ್ನಾಗಿ ಆದರೂ ಏನೂ ಬದಲಾಗಿಲ್ಲ ಎನ್ನುವ ರೋಗಿಗಳ ಬಗ್ಗೆ ಬರೆದರು. ಕೆಲವರಿಗೆ ಇರುವುದು ‘ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್’: ಬೇರೆಯವರಿಗೆ ಕಾಣದ, ಕಂಡರೂ ಲೆಕ್ಕಕ್ಕೆ ಬಾರದ ಕುಂದಿನ ಬಗ್ಗೆ ದಿನದಲ್ಲಿ ಗಂಟೆಗಟ್ಟಲೆ ಕೊರಗು, ಪದೇಪದೇ ಕನ್ನಡಿ, ಪದೇಪದೇ ಸೆಲ್ಫಿ, ಮನೆಯವರನ್ನು ಕೇಳಿದ್ದೇ ಕೇಳುವುದು. ಅಂಥವರಿಗೆ ಎರಡನೇ, ಮೂರನೇ ಆಪರೇಷನ್ ಸಾಮಾನ್ಯವಾಗಿ ಸಮಾಧಾನ ಕೊಡುವುದಿಲ್ಲ. ಮನೋಚಿಕಿತ್ಸೆ ಮತ್ತು ಔಷಧಿ ಕೊಡುತ್ತವೆ. ವೈದ್ಯರು ಇದನ್ನು ಗೀಳಿನ ಕಾಯಿಲೆಗಳ ಗುಂಪಿಗೆ ಸೇರಿಸುತ್ತಾರೆ, ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಕ್ಲಿನಿಕ್ ಇದೆ. ಕೊರಗು ತಡೆಯಲಾಗದಿದ್ದರೆ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೆಂದು ಬೇಸರಪಟ್ಟವರೆಲ್ಲರಿಗೂ ಮನಸ್ಸಿನ ಕಾಯಿಲೆ ಎಂದು ಹಣೆಪಟ್ಟಿ ಹಚ್ಚುವುದು ತಪ್ಪು. ಜಗ್ಗಿದ ಕಿವಿ ಜಗ್ಗಿದ ಕಿವಿಯೇ.

ತಿದ್ದುವ ಆಪರೇಷನ್ ಸಾಧ್ಯ. ಗುಂಡಿ ಬಿದ್ದ ಕಡೆ ಮೈಯ ಬೇರೆ ಭಾಗದ ಕೊಬ್ಬು ತುಂಬಬಹುದು, ಕಿವಿಯ ಹಾಲೆಯನ್ನು ಬಿಡಿಸಿ ಕೂರಿಸಬಹುದು, ಮತ್ತೆ ಎದ್ದ ಪಟ್ಟಿಗಳನ್ನು ಬೊಟಾಕ್ಸ್‌ನಿಂದ ಕೆಲವು ತಿಂಗಳ ಮಟ್ಟಿಗೆ ಸಡಿಲಿಸಬಹುದು. ಆದರೆ ಮೊದಲ ಗಾಯ ಮಾಗುವ ಮುಂಚೆ, ಅಂದರೆ ಆರು ತಿಂಗಳಿಂದ ಒಂದು ವರ್ಷದೊಳಗೆ, ಜವಾಬ್ದಾರಿಯುಳ್ಳ ಸರ್ಜನ್ ಸಾಮಾನ್ಯವಾಗಿ ಮತ್ತೆ ಕತ್ತರಿ ಹಿಡಿಯುವುದಿಲ್ಲ. ಮೊದಲು ಆಪರೇಷನ್ ಮಾಡಿದವರನ್ನೇ ಭೇಟಿಯಾಗಿ, ಯಾವ ಪದರದಲ್ಲಿ ಏನು ಮಾಡಿದಿರಿ ಎಂದು ನೇರವಾಗಿ ಕೇಳಬೇಕು. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಇರುವವರನ್ನೇ ಹುಡುಕಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಜೀವ ಕಳೆದುಕೊಂಡ ಮೇಲೆ, ಅರಿವಳಿಕೆ ತಜ್ಞರು ಇದ್ದಾರೆಯೇ, ತುರ್ತು ಚಿಕಿತ್ಸೆಗೆ ವ್ಯವಸ್ಥೆ ಇದೆಯೇ ಎಂದು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ಚೆಂದಕ್ಕಾಗಿ ಮಾಡಿಸಿಕೊಂಡ ಆಪರೇಷನ್ನಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಅನ್ವಯವಾಗುವುದಿಲ್ಲ, ಬೇರೆ ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಕಾನೂನಿನ ರಕ್ಷಣೆ ಮಾತ್ರ ಉಂಟು. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಅಪಾಯಗಳನ್ನೂ ಬೇರೆ ದಾರಿಗಳನ್ನೂ ವಿವರಿಸಿಯೇ ಒಪ್ಪಿಗೆ ಪಡೆಯಬೇಕು ಎಂದು 2008ರಲ್ಲಿ ಹೇಳಿದೆ. ಫಲಿತಾಂಶ ಇಷ್ಟವಾಗಲಿಲ್ಲ ಎಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗದು. ಒಪ್ಪಿಗೆ ಪತ್ರ, ಆಪರೇಷನ್ ವಿವರ, ಮುಂಚಿನ ಫೋಟೊಗಳೇ ಸಾಕ್ಷಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕೆಂದು ವೈದ್ಯರ 2002ರ ನೀತಿಸಂಹಿತೆ ವಿಧಿಸುತ್ತದೆ. ಗಾಯ ಮಾಗಲು ಒಂದು ವರ್ಷ ಕಾಯುವವರು ಈ ಕಾಗದಗಳನ್ನು ಮೊದಲೇ ಕೇಳಿ ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಇರುವ ಗಡುವು ಎರಡೇ ವರ್ಷ.