ನೃತ್ಯವೆಂಬ ಉಪಚಾರ

ಪೂಜೆಯ ಕೊನೆಯಲ್ಲಿ ಅರ್ಚಕರು ಛತ್ರ, ಚಾಮರ, ಗೀತ, ವಾದ್ಯಗಳೊಡನೆ ನೃತ್ಯದ ಹೆಸರನ್ನೂ ಹೇಳಿ ಅಕ್ಷತೆಯನ್ನು ಅರ್ಪಿಸುವುದನ್ನು ತಾವು ಕಂಡಿರಬಹುದು. ಇವು ರಾಜೋಪಚಾರಗಳು. ಈಗ ಅಕ್ಷತೆ ನಿಂತಿರುವ ಎಡೆಯಲ್ಲಿ ಒಂದು ಕಾಲಕ್ಕೆ ನರ್ತಕಿಯೇ ನಿಂತಿದ್ದಳು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇಗುಲದ ನವರಂಗದಲ್ಲಿ, ನಾಲ್ಕು ಕಂಬಗಳ ನಡುವೆ, ಗರ್ಭಗುಡಿಗೆ ಅಭಿಮುಖವಾಗಿ ಆಕೆಯ ವರ್ತುಲಾಕಾರದ ಕಲ್ಲುಜಗಲಿ ಇಂದಿಗೂ ಇದೆ. ಅಲ್ಲಿ ಮೊದಲ ಪ್ರೇಕ್ಷಕನು ದೇವರು. ಕಾಣಿಕೆ, ಆಕೆಯ ಇಡೀ ದೇಹ.

ವಿಷ್ಣುವರ್ಧನನ ರಾಣಿ ಶಾಂತಲೆಯ ನೃತ್ಯಕೌಶಲವನ್ನು ಶಾಸನಗಳು ಕೊಂಡಾಡಿವೆ. ರಾಣಿಗೆ ಕೀರ್ತಿ ತಂದ ಕಲೆ ಕಾಲಾಂತರದಲ್ಲಿ ದೇವದಾಸಿಗೆ ತಂದದ್ದು ಕಳಂಕ. 1930ರ ದಶಕದಲ್ಲಿ ಆ ಕಲೆ ಭರತನಾಟ್ಯವೆಂಬ ಹೆಸರಿನಿಂದ ರಂಗಮಂದಿರವೇರಿ ಮಾನ್ಯವಾಯಿತು. ಹೆಣ್ಣನ್ನು ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕದ 1982ರ ಕಾನೂನು ನಿಷೇಧಿಸಿತು. ಅದು ನ್ಯಾಯವೇ ಸರಿ. ಆದರೂ ಅಕ್ಷತೆ ಬೀಳುವಾಗ, ಆ ಜಗಲಿಯನ್ನು ತಮ್ಮ ಪಾದಗಳಿಂದ ಸವೆಸಿದ ಹೆಸರಿಲ್ಲದ ಹೆಂಗಳೆಯರನ್ನು ನೆನೆಯುವುದು ನಮ್ಮ ಮೇಲಿರುವ ಋಣ.